ಊದ್ ಹಚ್ಚಿಕೊಂಡವರು ಏನಂದರು: ನನ್ನ ಅನುಭವ

ಊದ್ ಎಣ್ಣೆಯನ್ನು, ಅಂದರೆ ಅಗರು ಮರದಿಂದ ಇಳಿಸಿದ ಸುಗಂಧದ ಎಣ್ಣೆಯನ್ನು, ಬಾಟಲಿಗೆ ಮೂಗಿಟ್ಟು ನೋಡಿ ಕೊಳ್ಳಬೇಡಿ. ಅಂಗಡಿಯವರು ಕೊಡುವ ಕಾಗದದ ಪಟ್ಟಿಯಲ್ಲೂ ಅದು ಗೊತ್ತಾಗುವುದಿಲ್ಲ. ಕೈಗೆ ಹಚ್ಚಿಸಿಕೊಂಡು ಸುಮ್ನೆ ಮನೆಗೆ ಬಂದುಬಿಡಿ, ರಾತ್ರಿ ಊಟದವರೆಗಾದರೂ ಕಾಯಿರಿ, ಪಕ್ಕದಲ್ಲಿದ್ದವರನ್ನೂ ಕೇಳಿ. ನಾನು ದುಬೈಗೆ ಬಂದ ಮೇಲೆ ಊದ್ ಹಚ್ಚಲು ಶುರು ಮಾಡಿದವನು. ಊರಿನಿಂದ ಬಂದವರು ಯಾರೇ ವಿಚಾರಿಸಿದರೂ ಮೊದಲು ಹೇಳುವುದು ಇದನ್ನೇ. ಇಲ್ಲಿನ ದೇರಾದ ಪರ್ಫ್ಯೂಮ್ ಸೂಕ್‌ನಲ್ಲಿ, ಅಂದರೆ ಸುಗಂಧದ ಅಂಗಡಿಗಳ ಪೇಟೆಯಲ್ಲಿ, ಕೈಗೆ ಹಚ್ಚಿಸಿಕೊಂಡು ಹೋದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಗಾಜಿನ ಕಡ್ಡಿಯಿಂದ ಮಣಿಕಟ್ಟಿನ ಮೇಲೆ ಒಂದು ಗೆರೆ ಎಳೆದು, ಒಂದು ದಿನ ಇಟ್ಟುಕೊಂಡು ನೋಡಿ ಅನ್ನುವ ಅಂಗಡಿಯವರ ಹತ್ತಿರವೇ ನಾನು ವ್ಯಾಪಾರ ಮಾಡುವುದು.

ನನ್ನದು ಹಿಂದಿ ಊದ್. ನಮ್ಮ ದೇಶದ, ಅದರಲ್ಲೂ ಅಸ್ಸಾಂ ಕಡೆಯ ಅಗರು ಎಣ್ಣೆಗೆ ಇಲ್ಲಿ ಹಾಗನ್ನುತ್ತಾರೆ. ಅಸ್ಸಾಮಿನ ಹೊಜಾಯಿ ಈ ವ್ಯಾಪಾರಕ್ಕೆ ದೊಡ್ಡ ಹೆಸರು. ಅಗರು ಮರ ಚೆನ್ನಾಗಿ ಬೆಳೆದು ನಿಂತಾಗ ಒಳಗಿನ ಕಟ್ಟಿಗೆ ಬಿಳಿಚು, ಹಗುರ, ಹೇಳಿಕೊಳ್ಳುವಂಥ ವಾಸನೆ ಏನೂ ಇಲ್ಲ. ಹುಳ ಕೊರೆದೋ ಗಾಯವಾಗಿಯೋ ಶಿಲೀಂಧ್ರ ಒಳಗೆ ಹೊಕ್ಕಾಗ ಮರ ತನ್ನನ್ನು ಕಾಪಾಡಿಕೊಳ್ಳಲು ಅಲ್ಲಿ ಕಪ್ಪು ರಾಳ ತುಂಬಿಕೊಳ್ಳುತ್ತದೆ, ನಮಗೆ ಬೇಕಾದ ಘಮ ಇರುವುದು ಆ ರಾಳದಲ್ಲಿ. ರಾಳ ತುಂಬಿದ ಕಟ್ಟಿಗೆಯ ಚಕ್ಕೆಗಳನ್ನು ದಿನಗಟ್ಟಲೆ ನೀರಲ್ಲಿ ನೆನೆಹಾಕಿ ಆಮೇಲೆ ಭಟ್ಟಿ ಇಳಿಸುತ್ತಾರೆ. ನೆನೆಯುವಾಗ ಅದು ಹುಳಿಯುತ್ತದೆ. ಹಿಂದಿ ಊದ್ ಹಚ್ಚಿದ ಕೂಡಲೇ ಮೂಗಿಗೆ ಹೊಡೆಯುವ ಘಾಟು ಬಹುಪಾಲು ಅಲ್ಲಿಂದ ಬಂದದ್ದು.

ಆ ಘಾಟಿನ ಬಗ್ಗೆ ಒಬ್ಬೊಬ್ಬರದು ಒಂದೊಂದು ಮಾತು. ಅಮ್ಮ ತೀರ್ಥಹಳ್ಳಿಯಿಂದ ಇಲ್ಲಿಗೆ ಬಂದಿದ್ದಾಗ ಅವರ ಸೆರಗಿನ ಒಳಬದಿಗೆ ಒಂದಿಷ್ಟು ಮುಟ್ಟಿಸಿದೆ. "ಇದೆಂಥ ಮಾರಾಯ, ಕೊಟ್ಟಿಗೆಯಿಂದ ಈಗ ಎದ್ದು ಬಂದ ಹಾಗಿದೆ" ಅಂದರು. ಸೀರೆ ಬದಲಿಸುತ್ತಾರೇನೋ ಅಂದುಕೊಂಡೆ, ಬದಲಿಸಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ನೋಡಿದರೆ ಸೆರಗಿನ ತುದಿ ಮೂಗಿನ ಹತ್ತಿರ ಹಿಡಿದಿದ್ದರು. ಈಗ ಬೇರೆ ಥರ ಆಯ್ತಲ್ಲ, ಗಂಧ ತೇಯ್ದ ಹಾಗೆ, ಆದರೆ ಗಂಧ ಅಲ್ಲ, ಒಳಗೆಲ್ಲೋ ಬೆಲ್ಲದ ವಾಸನೆ ಇದೆ ಅಂದರು. ಶ್ರೀಗಂಧದ ಎಣ್ಣೆಯನ್ನು ಚಿಕ್ಕಂದಿನಿಂದ ಕಂಡವರ ಮೂಗು ಅದು. ಗಂಧದೆಣ್ಣೆ ಬೆಳಿಗ್ಗೆ ಹೇಗೋ ಸಂಜೆಯೂ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಊದ್ ಹಾಗಲ್ಲ. ಮೊದಲ ಅರ್ಧ ಗಂಟೆ ಒಂದು, ಮಧ್ಯಾಹ್ನಕ್ಕೆ ತೊಗಲು ಮತ್ತು ಹೊಗೆ, ಕೊನೆಗೆ ಮೈಗೆ ಅಂಟಿಕೊಂಡ ಒಂದು ಮೆತ್ತಗಿನ ಸಿಹಿ.

ಭಟ್ಕಳದ ನನ್ನ ಗೆಳೆಯನದು ಇದಕ್ಕೆ ಪೂರಾ ಉಲ್ಟಾ. ಅವನ ಮನೆಯಲ್ಲಿ ಮದುವೆ, ಹಬ್ಬ ಅಂದರೆ ಬಖೂರ್, ಅಂದರೆ ಕೆಂಡದ ಮೇಲೆ ಹಾಕುವ ಸುಗಂಧದ ಚಕ್ಕೆ, ಅದರ ಹೊಗೆ ಇಲ್ಲದೆ ಆಗುವುದೇ ಇಲ್ಲ. ಅವನಿಗೆ ಆ ಮೊದಲ ಘಾಟೇ ಬೇಕು. ಸಂಜೆಯ ಸಿಹಿ ಬಂದಾಗ "ಮುಗೀತು, ಮತ್ತೆ ಹಚ್ಚಬೇಕು" ಅನ್ನುತ್ತಾನೆ. ನನ್ನ ಹೆಂಡತಿಗೆ ಹಿಂದಿ ಬೇಡ, ಕಂಬೋಡಿ, ಅಂದರೆ ಕಾಂಬೋಡಿಯಾ ಕಡೆಯ ಊದ್, ಸಾಕು. ಅದು ಶುರುವಿನಿಂದಲೇ ಸಿಹಿ, ಹಣ್ಣಿನ ಕಡೆಗೆ ವಾಲುತ್ತದೆ, ಹೊಸಬರಿಗೆ ನಾನೂ ಅದನ್ನೇ ಹೇಳುತ್ತೇನೆ. ಆಫೀಸಿನಲ್ಲಿ ಪಕ್ಕದ ಸೀಟಿನವರು ಮಾತ್ರ ಇವೆರಡನ್ನೂ ಒಪ್ಪುವುದಿಲ್ಲ, ಅವರಿಗೆ ಊದ್ ಅಂದರೆ ಸ್ಪ್ರೇ ಬಾಟಲಿಯದ್ದು. 2002ರಲ್ಲಿ ಇವ್ ಸಾಂ ಲೊರಾಂ ಕಂಪನಿಯ ಎಂ7, 2007ರಲ್ಲಿ ಟಾಮ್ ಫೋರ್ಡ್‌ನ ಊದ್ ವುಡ್ ಅನ್ನುವ ಪರ್ಫ್ಯೂಮ್‌ಗಳು ಬಂದ ಮೇಲೆ ಪಾಶ್ಚಾತ್ಯ ಬ್ರ್ಯಾಂಡ್‌ಗಳೂ ಊದ್ ಹಿಂದೆ ಬಿದ್ದವು. ಸ್ಪ್ರೇಗಳಲ್ಲಿ ಜಾಸ್ತಿ ಪಾಲು ಲ್ಯಾಬಿನಲ್ಲಿ ಕಟ್ಟಿದ ಊದ್ ಪರಿಮಳ. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ನೀಟಾಗಿರುತ್ತದೆ, ಮೀಟಿಂಗ್‌ಗೆ ಒಳ್ಳೆಯದು. ಆದರೆ ದಿನವಿಡೀ ಹೀಗೆ ಬದಲಾಗುವುದು ಅದರಲ್ಲಿ ಸಿಗುವುದು ಕಡಿಮೆ, ನನಗೆ ಊದ್ ಹಿಡಿಸಿದ್ದೇ ಆ ಬದಲಾವಣೆಗೆ.

ಹಚ್ಚುವ ರೀತಿ ಹೇಳುತ್ತೇನೆ. ಸ್ನಾನ ಆದ ಮೇಲೆ, ಮೈ ಒರೆಸಿ, ಒಣ ಚರ್ಮವಾದರೆ ವಾಸನೆಯಿಲ್ಲದ ಸ್ವಲ್ಪ ವ್ಯಾಸಲೀನ್ ಹಚ್ಚಿ, ಅದರ ಮೇಲೆ. ಎಸಿ ರೂಮಿನಲ್ಲಿಟ್ಟ ಎಣ್ಣೆ ಗಟ್ಟಿಯಾಗಿ ಕಡ್ಡಿಗೆ ಅಂಟಿಕೊಳ್ಳುತ್ತದೆ, ಆಗ ಬಾಟಲಿಯನ್ನು ಮುಷ್ಟಿಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಕಂದು ಎಣ್ಣೆ ಮೆಲ್ಲಗೆ ಸಡಿಲವಾಗಿ ಕಡ್ಡಿಯ ತುದಿಗೆ ಇಳಿಯುತ್ತದೆ. ಪೂರ್ತಿ ಹನಿ ಬೇಡ. ಕಡ್ಡಿ ಮುಟ್ಟಿಸಿದರೆ ಸಾಕು: ಒಂದು ಕಿವಿಯ ಹಿಂದೆ, ಇನ್ನೊಂದು ಎದೆಯ ಮೇಲೆ, ಶರ್ಟಿನ ಒಳಗೆ. ಎದೆಯ ಬಿಸಿಗೆ ಅದು ತಾನಾಗೇ ಮೇಲೆ ಬರುತ್ತದೆ. ಮಣಿಕಟ್ಟಿಗೆ ಹಚ್ಚಿದರೆ ಕೈ ತೊಳೆದಾಗೆಲ್ಲ ಹೋಗುತ್ತದೆ. ಬಿಳಿ ಬಟ್ಟೆಗೆ ತಾಗಿಸಲೇಬೇಡಿ, ಕಲೆ ಹೋಗುವುದಿಲ್ಲ. ಆಗಸ್ಟಿನ ಸೆಖೆಗೆ, ಬೆವರಿಗೆ ಹಿಂದಿ ಊದ್ ದುಪ್ಪಟ್ಟಾಗಿ ಏಳುತ್ತದೆ, ಆ ತಿಂಗಳುಗಳಲ್ಲಿ ನಾನು ಕಿವಿಯ ಹಿಂದಿನದು ಬಿಟ್ಟು ಎದೆಯದು ಮಾತ್ರ ಇಟ್ಟುಕೊಳ್ಳುತ್ತೇನೆ. ಲಿಫ್ಟಿನಲ್ಲಿ, ಬಸ್ಸಿನಲ್ಲಿ ನಮ್ಮ ಪಕ್ಕ ನಿಂತವರಿಗೂ ಮೂಗಿದೆ, ಅಲ್ವಾ? ಕೆಲವರಿಗೆ ಇದರಿಂದ ನಿಜವಾಗಿಯೂ ತಲೆನೋವು ಬರುತ್ತದೆ.

ಇನ್ನು ಕೊಳ್ಳುವ ವಿಷಯ. ಕಾಡಿನ ಅಗರು ಮರಗಳನ್ನು ಜನ ರಾಳದ ಆಸೆಗೆ ಕಡಿದು ಕಡಿದು ಮುಗಿಸುತ್ತಿದ್ದರು. ಅದಕ್ಕೇ ಅಸ್ಸಾಮಿನ ಜಾತಿಯ ಅಗರು 1995ರಿಂದ ಸೈಟಿಸ್, ಅಂದರೆ ಅಪಾಯದಲ್ಲಿರುವ ಗಿಡ-ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ, ಎರಡನೇ ಪಟ್ಟಿಯಲ್ಲಿದೆ, ದೇಶದಿಂದ ದೇಶಕ್ಕೆ ಮಾರಲು ಪರವಾನಗಿ ಬೇಕು. ಹಾಗಾಗಿ ನಾನು ತೋಟದ ಮರದ ಎಣ್ಣೆಯನ್ನೇ ಕೇಳಿ ಕೊಳ್ಳುತ್ತೇನೆ. ನಮ್ಮ ಮಲೆನಾಡಿನಲ್ಲೂ ಅಡಿಕೆ, ಕಾಫಿ ನಡುವೆ ಅಗರು ಹಾಕಿದವರಿದ್ದಾರೆ. ಎಳೆ ಮರದ ಎಣ್ಣೆ ಸ್ವಲ್ಪ ತೆಳು ಅನಿಸಬಹುದು, ಆದರೂ ದಿನಬಳಕೆಗೆ ಧಾರಾಳ ಸಾಕು. ಕಾಲು ತೊಲ, ಅಂದರೆ 3 ಮಿಲಿ, ಅದಕ್ಕಿಂತ ದೊಡ್ಡ ಬಾಟಲಿ ಮೊದಲ ಸಲ ತೆಗೆದುಕೊಳ್ಳಬೇಡಿ. ಮುಚ್ಚಳ ಬಿಗಿ ಮಾಡಿ ಬೆಳಕು ಬೀಳದ ಡ್ರಾಯರಿನಲ್ಲಿಡಿ. ಮೊದಲ ದಿನದ ಘಾಟು ಹಿಡಿಸಲಿಲ್ಲ ಅಂತ ಯಾರಿಗೋ ಕೊಟ್ಟುಬಿಡಬೇಡಿ, ಒಂದು ಮಳೆಗಾಲ ಕಳೆಯಲಿ. ಇಟ್ಟಷ್ಟೂ ಆ ಘಾಟು ತಗ್ಗುತ್ತದೆ, ಆಮೇಲೆ ಇನ್ನೊಮ್ಮೆ ಹಚ್ಚಿ ನೋಡಿ.