ಮನೆಯ ಮುಂಬಾಗಿಲಿಗೆ ಹೆಚ್ಚು ಆರೈಕೆ ಬೇಡದ ಹೂಪೊದೆಗಳ ಆಯ್ಕೆ

ಒಂದೇ ನರ್ಸರಿಯಿಂದ ತಂದ ಒಂದೇ ಜಾತಿಯ ಗಿಡವು ಒಂದು ಮನೆಯ ಮುಂದೆ ವರ್ಷದ ಬಹುಪಾಲು ಹೂ ಬಿಟ್ಟು, ಎದುರು ಮನೆಯ ಮುಂದೆ ಸೊರಗಿ ನಿಲ್ಲುವುದನ್ನು ಎಲ್ಲ ಊರುಗಳಲ್ಲಿಯೂ ಕಾಣಬಹುದು. ಬಿಸಿಲು, ಮಣ್ಣು ಮತ್ತು ಜಾಗ ಈ ಮೂರೂ ಗಿಡಕ್ಕೆ ಒಪ್ಪಿದರೆ ಆರೈಕೆ ತಾನಾಗಿಯೇ ಕಡಿಮೆಯಾಗುತ್ತದೆ. ಆದ್ದರಿಂದ ನರ್ಸರಿಯಲ್ಲಿ ಅರಳಿ ನಿಂತ ಹೂವಿಗೆ ಮನಸೋಲುವ ಮುನ್ನ ನಮ್ಮ ಬಾಗಿಲಿನ ಮುಂದಿನ ನೆಲವನ್ನು ಚೆನ್ನಾಗಿ ನೋಡಿಕೊಳ್ಳಬೇಕು.

ಮೊದಲು ನೋಡಬೇಕಾದದ್ದು ಬಾಗಿಲಿನ ದಿಕ್ಕು. ಬೆಂಗಳೂರಿನಲ್ಲಿ ನಡುಹಗಲಿನ ಸೂರ್ಯ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ಉತ್ತರಕ್ಕೆ ವಾಲಿರುತ್ತಾನೆ. ಆ ಅವಧಿಯಲ್ಲೂ ಜೂನ್ ನಂತರ ಮೋಡವೇ ಹೆಚ್ಚು. ಉಳಿದ ತಿಂಗಳುಗಳಲ್ಲಿ ಉತ್ತರ ಬಾಗಿಲಿನ ಮುಂದಿನ ನೆಲದ ಮೇಲೆ ಮನೆಯದೇ ನೆರಳು ಬೀಳುತ್ತದೆ. ವಾಸ್ತುವಿನ ಕಾರಣಕ್ಕೆ ಉತ್ತರ ಬಾಗಿಲನ್ನು ಬಯಸುವವರು ಬಹಳ ಮಂದಿ ಇರುವುದರಿಂದ ಈ ಸಂಗತಿ ಅನೇಕ ಮನೆಗಳಿಗೆ ಅನ್ವಯಿಸುತ್ತದೆ. ಇಂಥ ಕಡೆ ಅರೆನೆರಳನ್ನು ತಾಳುವ ನಂದಿಬಟ್ಟಲು, ಸ್ಪಟಿಕ, ಕನಕಾಂಬರಗಳನ್ನು ಆರಿಸಬೇಕು. ಪಶ್ಚಿಮದ ಬಾಗಿಲಿಗೆ ಮಧ್ಯಾಹ್ನದ ಬಿಸಿಲಿನ ಜೊತೆಗೆ ಕಾಂಪೌಂಡ್ ಗೋಡೆಯ ಕಾವೂ ತಗಲುತ್ತದೆ. ಅಲ್ಲಿ ಕಣಗಿಲೆ, ರತ್ನಗಂಧಿ, ಬೋಗನ್‌ವಿಲ್ಲಾಗಳು ನಿಶ್ಚಿಂತೆಯಿಂದ ಬೆಳೆಯುತ್ತವೆ.

ಹೆಚ್ಚಿನವರು ಗಮನಿಸದಿರುವುದು ಮಣ್ಣನ್ನು. ಮನೆ ಕಟ್ಟಿದ ಮೇಲೆ ಉಳಿದ ಸಿಮೆಂಟು, ಗಾರೆ, ಇಟ್ಟಿಗೆಚೂರುಗಳನ್ನು ಬಾಗಿಲಿನ ಅಕ್ಕಪಕ್ಕದಲ್ಲೇ ತುಂಬಿ ಮೇಲೆ ತೆಳುವಾಗಿ ಕೆಂಪುಮಣ್ಣು ಹರಡುವುದು ಸಾಮಾನ್ಯ. ಆ ಸುಣ್ಣದಂಶದಿಂದ ಮಣ್ಣು ಕ್ಷಾರವಾಗಿ, ಕಬ್ಬಿಣದಂಶ ಬೇರಿಗೆ ಸಿಗದಂತಾಗುತ್ತದೆ. ಇದರ ಗುರುತು ಮೊದಲು ಕಾಣುವುದು ಕೇಪಳದಲ್ಲಿ: ಚಿಗುರೆಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಕರಾವಳಿ ಮತ್ತು ಮಲೆನಾಡಿನ ಹುಳಿ ಗುಣದ ಜಂಬಿಟ್ಟಿಗೆ ಮಣ್ಣಿನಲ್ಲಿ ಕೇಪಳಕ್ಕಿಂತ ಸುಲಭದ ಗಿಡ ಮತ್ತೊಂದಿಲ್ಲ. ಗುಡ್ಡಗಳ ಮೇಲೆ ಅದು ಯಾರೂ ನೆಡದೆಯೇ ಬೆಳೆಯುತ್ತದೆ. ಅದೇ ಗಿಡ ಧಾರವಾಡ, ವಿಜಯಪುರದ ಕಡೆಯ ಕಪ್ಪುಮಣ್ಣಿನಲ್ಲಿ ಮತ್ತೆ ಮತ್ತೆ ಉಪಚಾರ ಬೇಡುತ್ತದೆ. ಅಲ್ಲಿ ರತ್ನಗಂಧಿಯೋ ಕಣಗಿಲೆಯೋ ಮೇಲು.

ಇನ್ನು ಜಾಗದ ಅಗಲ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಒಂದಡಿ ಎತ್ತರವಿರುವ ನಂದಿಬಟ್ಟಲು ಕೆಲವೇ ವರ್ಷಗಳಲ್ಲಿ ಆರರಿಂದ ಎಂಟು ಅಡಿ ಬೆಳೆದು ಕಿಟಕಿಯನ್ನು ಮುಚ್ಚಬಲ್ಲದು. ಗಿಡ ಪೂರ್ತಿ ಬೆಳೆದಾಗ ಎಷ್ಟು ಹರಡುವುದೆಂದು ಕೇಳಿ ತಿಳಿದು, ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದೂರವನ್ನು ಗೋಡೆಯಿಂದ ಬಿಟ್ಟು ನೆಡಬೇಕು. ನಾಲ್ಕಡಿ ಹರಡುವ ಗಿಡಕ್ಕೆ ಎರಡೂವರೆ ಅಡಿ ಸಾಕು. ಕಿಟಕಿಯ ಕೆಳಗೆ ಗಿಡ್ಡ ತಳಿಯ ಕೇಪಳ ಹೊಂದುತ್ತದೆ. ಸಂಪಿನ ಮುಚ್ಚಳ, ನೀರಿನ ಮೀಟರು, ರಂಗೋಲಿ ಹಾಕುವ ಜಾಗ ಇವುಗಳ ಸುತ್ತ ಏನನ್ನೂ ನೆಡಬಾರದು.

ಒಂದೇ ಗಿಡ ನೆಡುವುದಾದರೆ ನಾನು ನಂದಿಬಟ್ಟಲನ್ನೇ ಸೂಚಿಸುತ್ತೇನೆ. ಕಡುಹಸಿರು ಎಲೆಗಳ ನಡುವಿನ ಬಿಳಿ ಹೂ ನೆರಳಿನಲ್ಲೂ ಮುಸ್ಸಂಜೆಯಲ್ಲೂ ಎದ್ದು ಕಾಣುತ್ತದೆ, ಆದರೆ ಕಡುಗೆಂಪು ಹೂ ಅಂಥ ಬೆಳಕಿನಲ್ಲಿ ಮಂಕಾಗುತ್ತದೆ. ಹಾಲು ಸುರಿಸುವ ಗಿಡವಾದ್ದರಿಂದ ಗೇಟಿನ ಬಳಿ ಅಲೆಯುವ ದನಗಳೂ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಪೂಜೆಗೂ ಹೂ ಸಿಗುತ್ತದೆ. ದಾಸವಾಳವನ್ನು ಇಷ್ಟಪಡುವವರು ಹಳೆಯ ಒಂಟಿ ಎಸಳಿನ ಕೆಂಪು ತಳಿಯನ್ನು ಆರಿಸಲಿ. ಬಣ್ಣಬಣ್ಣದ ಹೈಬ್ರಿಡ್‌ಗಳಿಗೆ ಹಿಟ್ಟು ತಿಗಣೆಯ ಕಾಟ ಹೆಚ್ಚು. ಆದರೂ ಬೇಸಿಗೆಯಲ್ಲಿ ನೀರು ತಪ್ಪಿದರೆ ದಾಸವಾಳದ ಮೊಗ್ಗು ಉದುರುವುದರಿಂದ ಅದನ್ನು ನಾನು ಸುಲಭದ ಗಿಡಗಳ ಸಾಲಿಗೆ ಸೇರಿಸುವುದಿಲ್ಲ. ಬೋಗನ್‌ವಿಲ್ಲಾಕ್ಕೆ ನೀರು ಕಡಿಮೆಯಾದಷ್ಟೂ ಬಣ್ಣ ಹೆಚ್ಚು, ಆದರೆ ಅದರ ಮುಳ್ಳು ನಡೆದಾಡುವ ದಾರಿಗೆ ತಕ್ಕದ್ದಲ್ಲ.

ಕೆಲವನ್ನು ಬೇಡವೆನ್ನಲೇಬೇಕು. ಹೊಂಬಣ್ಣದ ದುರಂಟಾ ಅಗ್ಗ, ಬೇಗ ಬೆಳೆಯುತ್ತದೆ, ಆ ಬೇಗ ಬೆಳೆಯುವ ಗುಣದಿಂದಲೇ ಆಗಾಗ ಕತ್ತರಿ ಹಿಡಿಯುವಂತೆ ಮಾಡುತ್ತದೆ. ಲಂಟಾನಾದ ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ದೂರಕ್ಕೆ ಒಯ್ಯುತ್ತವೆ. ಬಂಡೀಪುರ, ನಾಗರಹೊಳೆಯ ಕಾಡುಗಳನ್ನು ಅದು ಹೇಗೆ ಆವರಿಸಿದೆ ಎಂಬುದನ್ನು ಬಲ್ಲವರು ಅದನ್ನು ಅಂಗಳಕ್ಕೆ ತರಲಾರರು. ಕಣಗಿಲೆಯ ಪ್ರತಿಯೊಂದು ಭಾಗವೂ ವಿಷವಾದ್ದರಿಂದ, ಎಲ್ಲವನ್ನೂ ಬಾಯಿಗೆ ಹಾಕುವ ಮಕ್ಕಳಿರುವ ಮನೆಯಲ್ಲಿ ಅದು ಬೇಡ.

ಕೊಳ್ಳುವಾಗ ಹೂವಿಗಿಂತ ಬುಡವನ್ನು ನೋಡಬೇಕು. ಬುಡದಿಂದಲೇ ಮೂರು ನಾಲ್ಕು ಕವಲೊಡೆದ, ಎಲೆಯಡಿಯಲ್ಲಿ ಬಿಳಿ ಹಿಟ್ಟು ಇಲ್ಲದ, ಚೀಲದ ತೂತಿನಿಂದ ಬೇರು ಹೊರಬರದ ಗಿಡ ಒಳ್ಳೆಯದು. ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಗುಂಡಿ ತೋಡಿ, ಗಾರೆಚೂರುಗಳನ್ನೆಲ್ಲ ಆರಿಸಿ ತೆಗೆದು, ಕೆಂಪುಮಣ್ಣಿಗೆ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಬಯಲುಸೀಮೆಯಲ್ಲಿ ಮುಂಗಾರು ನೆಲೆಗೊಂಡ ಮೇಲೆ ನೆಡುವುದು ಸರಿ. ಕರಾವಳಿಯಲ್ಲಿ ಜೂನ್, ಜುಲೈ ತಿಂಗಳ ಮಳೆಗೆ ಗುಂಡಿಯಲ್ಲಿ ನೀರು ನಿಲ್ಲುವುದರಿಂದ ಆಗಸ್ಟ್ ಕೊನೆಯವರೆಗೆ ಕಾಯುವುದು ಲೇಸು. ಬುಡಕ್ಕೆ ತರಗೆಲೆ ಅಥವಾ ತೆಂಗಿನ ಸಿಪ್ಪೆ ಹೊದಿಸಿದರೆ ತೇವ ಉಳಿಯುತ್ತದೆ.

ಮೊದಲ ಬೇಸಿಗೆಯನ್ನು ಮಾತ್ರ ಅಲಕ್ಷಿಸುವಂತಿಲ್ಲ. ಆಗ ವಾರಕ್ಕೆ ಎರಡು ಮೂರು ಬಾರಿ ಬೇರಿನ ಆಳಕ್ಕೆ ಇಳಿಯುವಂತೆ ನೀರುಣಿಸಬೇಕು. ಬೇರೂರಿದ ಮೇಲೆ ಕಡುಬೇಸಿಗೆಯಲ್ಲಿ ವಾರಕ್ಕೊಮ್ಮೆ ಸಾಕಾಗುತ್ತದೆ. ವರ್ಷಕ್ಕೊಮ್ಮೆ ಹೂವಿನ ಭರಾಟೆ ಮುಗಿದಾಗ ಮೂರನೆಯ ಒಂದು ಭಾಗದಷ್ಟು ಸವರಿದರೆ ಪೊದೆ ಆಕಾರದಲ್ಲಿರುತ್ತದೆ. ಕಣಗಿಲೆ ಇದ್ದರೆ ಅದರ ಕೊಂಬೆಗಳು ಒಣಗಿದ ಮೇಲೂ ವಿಷಕಾರಿಯೇ, ಉರಿಸಿದರೆ ಹೊಗೆಯೂ ಹಾನಿಕರ. ಆದ್ದರಿಂದ ದನಗಳಿಗೆ ಸಿಗುವಂತೆ ಬೀದಿಯಲ್ಲಿ ಬಿಸಾಡದೆ, ಒಲೆಗೂ ಹಾಕದೆ, ಕೈಗವಸು ಧರಿಸಿ ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಬೇಕು.