ಪ್ರಶ್ನೆಗಳ ಫಾರ್ಮ್ ಆಮೇಲೆ, ಮೊದಲು ಡೇರಿ ಹತ್ತಿರ ಹೋಗಿ

ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ ಓದಿದ ಎಷ್ಟೋ ಜನ ಸಮಾಜದ ಅಧ್ಯಯನಕ್ಕೆ ಆಸಕ್ತಿಯಿಂದ ಬರುತ್ತಾರೆ. ಬಂದ ಕೂಡಲೇ ಮೂವತ್ತು ಪ್ರಶ್ನೆಗಳ ಫಾರ್ಮ್ ಮಾಡಿ ಎಲ್ಲರಿಗೂ ಕಳಿಸಬೇಕು ಅನಿಸುತ್ತದೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿ. ‘ಮಹಿಳಾ ಸಬಲೀಕರಣ’ ಅನ್ನುವುದು ಬರೀ ತಲೆಬರಹ. ‘ನಮ್ಮೂರಲ್ಲಿ ಹಾಲಿನ ದುಡ್ಡು ಮನೆಯ ಯಾರ ಕೈ ಸೇರುತ್ತದೆ?’ ಅನ್ನುವುದು ಪ್ರಶ್ನೆ.

ಆಮೇಲೆ ಹೋಗಿ ನೋಡಿ. ಬೆಳಿಗ್ಗೆ, ಸಂಜೆ ಡೇರಿ ಹತ್ತಿರ ನಿಲ್ಲಿ. ಯಾಕೆ ಬಂದಿದ್ದೀರಿ ಎಂದು ಹಾಲು ಹಾಕುವವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಕ್ಯಾನ್ ಹಿಡಿದು ಬರುವವರು ಯಾರು? ಸಂಘದ ಪುಸ್ತಕದಲ್ಲಿ ಯಾರ ಹೆಸರಿದೆ? ದುಡ್ಡು ಬೀಳುವ ಖಾತೆ ಯಾರದು? ಫಾರ್ಮಿನಲ್ಲಿ ಕೇಳಿದರೆ ‘ಇಬ್ಬರೂ ಸೇರಿ ತೀರ್ಮಾನ ಮಾಡ್ತೀವಿ’ ಎಂಬ ಉತ್ತರ ಬರಬಹುದು. ಅದು ಸುಳ್ಳೇ ಆಗಬೇಕಿಲ್ಲ. ಆದರೆ ಅಷ್ಟೇ ಸಾಲದು, ಅಲ್ವಾ?

ಇದರಲ್ಲಿ ಸಿದ್ಧಾಂತ ಎಲ್ಲಿ ಬಂತು? ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದರು. ಬರವಣಿಗೆಯಲ್ಲಿ ಅದನ್ನು ರಾಂಪುರ ಎಂದು ಕರೆದರು. ಗ್ರಂಥಗಳ ಪ್ರಕಾರ ವರ್ಣದ ಏಣಿಯಲ್ಲಿ ಬ್ರಾಹ್ಮಣರು ಮೇಲಿದ್ದರು. ಹಳ್ಳಿಯಲ್ಲಿ ಮಾತು ನಡೆಯುತ್ತಿದ್ದದ್ದು ಜಮೀನೂ ಜನಬಲವೂ ಇದ್ದ ಒಕ್ಕಲಿಗರದು. ‘ಪ್ರಬಲ ಜಾತಿ’ ಎಂಬ ಅವರ ವಿಚಾರ ಬೆಳೆದದ್ದು ಇಂಥ ಕಡೆ ಕಣ್ಣಾರೆ ಕಂಡದ್ದರಿಂದ. ನಿಮಗೂ ಓದಿದ್ದಕ್ಕೆ ಹೊಂದದ್ದು ಕಂಡರೆ ‘ತಪ್ಪು ಡೇಟಾ’ ಅಂತ ಸುಮ್ನೆ ತೆಗೆದುಹಾಕಬೇಡಿ. ಅದರ ಬೆನ್ನು ಹತ್ತಿ. ಆಗ ಸಿದ್ಧಾಂತದ ಪುಸ್ತಕ ಓದಿದರೆ ಜಾಸ್ತಿ ಅರ್ಥವಾಗುತ್ತದೆ.

ಅವತ್ತಿನ ಟಿಪ್ಪಣಿ ಅವತ್ತು ರಾತ್ರಿಯೇ ಬರೆಯಿರಿ. ಕಂಡದ್ದು ಒಂದು ಕಡೆ, ನಿಮಗೆ ಅನಿಸಿದ್ದು ಇನ್ನೊಂದು ಕಡೆ ಇರಲಿ. ಜನ ಆಡಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಪ್ರತಿಗಳನ್ನು ಬೇರೆ ಬೇರೆ ಜಾಗದಲ್ಲಿ ಇಡಿ. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಶ್ರೀನಿವಾಸ್ ಕೆಲಸ ಮಾಡುತ್ತಿದ್ದ ಕೋಣೆಗೆ ಕಿಡಿಗೇಡಿಗಳು ಬೆಂಕಿ ಹಚ್ಚಿದರು. ವರ್ಷಗಟ್ಟಲೆ ಕೂತು ಜೋಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಆಮೇಲೆ ಅವರು ಬಹುಮಟ್ಟಿಗೆ ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಬರೆದರು. ಪುಸ್ತಕ 1976ರಲ್ಲಿ ಹೊರಬಂತು. ಓದುವಾಗೆಲ್ಲ ಆ ನೆನಪಿನ ಶಕ್ತಿಗೆ ನನ್ನ ಮನಸ್ಸು ತುಂಬಿ ಬರುತ್ತದೆ.

ಈಗ ಫಾರ್ಮ್ ತೆಗೆಯಿರಿ. ಏನು ಕೇಳಬೇಕೆಂದು ಇಷ್ಟರಲ್ಲಿ ಗೊತ್ತಾಗಿರುತ್ತದೆ: ‘ಎಟಿಎಂ ಕಾರ್ಡ್ ಯಾರ ಹತ್ತಿರ ಇರುತ್ತದೆ?’ ಮೊದಲು ಹತ್ತು ಜನರನ್ನು ಕೇಳಿ ನೋಡಿ. ಅವರು ತಡವರಿಸಿದ ಪ್ರಶ್ನೆಗಳನ್ನು ತಿದ್ದಿ, ಆಮೇಲೆ ಊರಿನ ಉಳಿದ ಮನೆಗಳಿಗೆ ಹೋಗಿ.