ಅಡಿಕೆ ರೇಟಿನ ಮೆಸೇಜಿಗೆ ಡಿಜಿಟಲ್ ಸಹಿ: ನನ್ನ ಅನುಭವ

ತೀರ್ಥಹಳ್ಳಿ ಕಡೆಯ ನಮ್ಮ ಬೆಳೆಗಾರರ ಗುಂಪಿಗೆ ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ರೇಟು ಕಳಿಸುವ ಕೆಲಸ ನನ್ನದು. ರಾಶಿ, ಬೆಟ್ಟೆ, ಸರಕು, ಗೊರಬಲು, ಇವಕ್ಕೆ ಕ್ವಿಂಟಾಲಿಗೆ ಇಷ್ಟಿಷ್ಟು ಅಂತ ಒಂದು ಮೆಸೇಜ್. ಅದು ವಾಟ್ಸಾಪಿನಲ್ಲಿ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುವಾಗ ಯಾರೋ ಒಂದು ಅಂಕಿ ತಿದ್ದಿ ಮುಂದೆ ತಳ್ಳುತ್ತಿದ್ದರು. ಮಾಲು ಮನೆಯಲ್ಲಿಟ್ಟುಕೊಂಡು ಇವತ್ತು ಕೊಡಲೋ ನಾಳೆ ಕೊಡಲೋ ಅಂತ ಕೂತವರಿಗೆ ಆ ಒಂದು ಅಂಕಿಯೇ ದೊಡ್ಡದು ಅಲ್ವಾ? ಅದಕ್ಕೇ ಪ್ರತಿ ಮೆಸೇಜಿಗೂ ಡಿಜಿಟಲ್ ಸಹಿ ಹಾಕಲು ಹೊರಟೆ. ನನ್ನ ಹತ್ತಿರ ಮಾತ್ರ ಇರುವ ಗುಟ್ಟಿನ ಕೀಯಿಂದ ಸಹಿ ಹಾಕುವುದು, ಅದರ ಜೋಡಿಯಾದ ಸಾರ್ವಜನಿಕ ಕೀಯಿಂದ ಯಾರು ಬೇಕಾದರೂ ಪರೀಕ್ಷಿಸುವುದು. ಒಂದು ಅಂಕಿ ಬದಲಾದರೂ ಸಹಿ ಹೊಂದುವುದಿಲ್ಲ.

ಲಿಬ್‌ಸೋಡಿಯಂ ಎಂಬ, ಸಹಿ ಮತ್ತು ಗುಟ್ಟಿನ ಲೆಕ್ಕಗಳ ಸಿದ್ಧ ಕೋಡನ್ನು ಪೈಥಾನ್ ಭಾಷೆಯಿಂದ ಬಳಸಲು ಪೈನ್ಯಾಕಲ್ ಇದೆ. ಅದನ್ನೇ ಆರಿಸಿಕೊಂಡೆ. ಅದರ ಸಹಿ ಇಡಿ25519 ಪದ್ಧತಿಯದ್ದು. ಡೇನಿಯಲ್ ಬರ್ನ್‌ಸ್ಟೈನ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ್ದು. ಗುಟ್ಟಿನ ಕೀ ಹುಟ್ಟುವ ಬೀಜ (ಮೂಲ ಸಂಖ್ಯೆ) 32 ಬೈಟ್, ಎಲ್ಲರಿಗೂ ಕೊಡುವ ಸಾರ್ವಜನಿಕ ಕೀ 32 ಬೈಟ್, ಸಹಿ 64 ಬೈಟ್. ಇದನ್ನು ಆರಿಸಲು ಇನ್ನೊಂದು ಕಾರಣ ಇತ್ತು. ಇಸಿಡಿಎಸ್‌ಎ ಎಂಬ ಹಳೇ ಪದ್ಧತಿಯಲ್ಲಿ ಸಾಮಾನ್ಯವಾಗಿ ಪ್ರತಿ ಸಹಿಗೂ ಹೊಸದೊಂದು ಗುಟ್ಟಿನ ಸಂಖ್ಯೆ ಹುಟ್ಟಿಸಬೇಕು. ಅದೇ ಸಂಖ್ಯೆ ಮತ್ತೆ ಬಂದರೆ ಗುಟ್ಟಿನ ಕೀಯೇ ಹೊರಗೆ ಬೀಳುತ್ತದೆ. ಸೋನಿಯ ಪ್ಲೇಸ್ಟೇಷನ್ 3 ವಿಷಯದಲ್ಲಿ ಹಾಗೇ ಆಗಿತ್ತು, 2010ರಲ್ಲಿ ಅದು ಬಯಲಾಯಿತು. ಇಡಿ25519 ಆ ಸಂಖ್ಯೆಯನ್ನು ಗುಟ್ಟಿನ ಕೀ ಮತ್ತು ಮೆಸೇಜ್ ಎರಡರಿಂದಲೇ ಲೆಕ್ಕ ಹಾಕಿಕೊಳ್ಳುತ್ತದೆ.

ಕೀ ಹುಟ್ಟಿಸಲು ಒಂದು ಸಾಲು, ಸಹಿ ಹಾಕಲು ಒಂದು ಸಾಲು. ಕೋಡ್ ಅಷ್ಟೇ. ಯಾವ ಬೈಟುಗಳಿಗೆ ಸಹಿ ಹಾಕುತ್ತೇವೆ ಅನ್ನೋದನ್ನು ತೀರ್ಮಾನ ಮಾಡುವುದರಲ್ಲೇ ನಿಜವಾದ ಕೆಲಸ ಇರುವುದು. ಕನ್ನಡದಲ್ಲಂತೂ ಇದು ಇನ್ನೂ ಜಾಸ್ತಿ.

'ಗೊರಬಲು' ತಗೊಳ್ಳಿ. ಮೊದಲ ಅಕ್ಷರದ ಒತ್ವವನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಎರಡು ಥರ ಬರೆಯಬಹುದು. ಒಂದೇ ಚಿಹ್ನೆಯಾಗಿ ಬರೆಯಬಹುದು, ಇಲ್ಲವೇ ಎತ್ವದ ಚಿಹ್ನೆ, ಅದರ ಹಿಂದೆಯೇ ಊತ್ವದ ಚಿಹ್ನೆ ಅಂತ ಎರಡಾಗಿ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಹಾಗಾಗಿ ಮೊದಲನೆಯದು 18 ಬೈಟ್, ಎರಡನೆಯದು 21. ಒಂದಕ್ಕೆ ಹಾಕಿದ ಸಹಿ ಇನ್ನೊಂದಕ್ಕೆ ಹೊಂದುವುದೇ ಇಲ್ಲ. ಈತ್ವ, ಏತ್ವ, ಐತ್ವ, ಓತ್ವಗಳಿಗೂ ಇದೇ ಕತೆ. ಅದಕ್ಕೇ ಸಹಿ ಹಾಕುವ ಮೊದಲೂ ಪರೀಕ್ಷಿಸುವ ಮೊದಲೂ ಪಠ್ಯವನ್ನು, ಇಂಥ ಎರಡು ಬರಹಗಳನ್ನು ಒಂದೇ ಮಾಡುವ ಎನ್‌ಎಫ್‌ಸಿ ರೂಪಕ್ಕೆ ತರುತ್ತೇನೆ. ಪೈಥಾನ್‌ನಲ್ಲೇ ಇರುವ ಯುನಿಕೋಡ್‌ಡೇಟಾ ಮಾಡ್ಯೂಲ್ ಅದನ್ನು ಮಾಡಿಕೊಡುತ್ತದೆ. ಆದರೆ ಅದು ಕನ್ನಡದ ೫ನ್ನು 5 ಮಾಡುವುದಿಲ್ಲ, ಸಾಲಿನ ಕೊನೆಯ ಖಾಲಿ ಜಾಗವನ್ನೂ ತೆಗೆಯುವುದಿಲ್ಲ. ಫಾರ್ವರ್ಡ್ ಮಾಡುವಾಗ, ಕಾಪಿ ಮಾಡುವಾಗ ಇಂಥವು ಸುಮ್ನೆ ಸೇರಿಕೊಳ್ಳುತ್ತವೆ. ಅಂಕಿಗಳೆಲ್ಲ 0ಯಿಂದ 9ರ ರೂಪದಲ್ಲೇ, ಇಡೀ ಮೆಸೇಜ್ ಒಂದೇ ಸಾಲು, ಮಧ್ಯೆ ಮಧ್ಯೆ ಒಂದೊಂದು ಗೆರೆ ಅಂತ ನಿಯಮ ಮಾಡಿದೆ.

ಮೆಸೇಜಿನ ಒಳಗೇ ತಾರೀಖು ಮತ್ತು ಕ್ರಮಸಂಖ್ಯೆ ಇರಲೇಬೇಕು. ಹೋದ ತಿಂಗಳ ಮೆಸೇಜನ್ನು ಇವತ್ತು ಯಾರಾದರೂ ಹರಿಬಿಟ್ಟರೂ ಅದರ ಸಹಿ ಸರಿಯಾಗಿಯೇ ಇರುತ್ತದೆ. ಗಣಿತಕ್ಕೆ ಇವತ್ತು ಯಾವ ದಿನ ಅಂತ ಗೊತ್ತಿಲ್ಲವಲ್ಲ.

ಸಹಿಯ ಪರೀಕ್ಷೆಗೆ ಒಂದು ಸಣ್ಣ ವೆಬ್ ಪುಟ ಮಾಡಿ ಫೋನಿನಲ್ಲೇ ಉಳಿಯುವಂತೆ ಮಾಡಿದೆ. ಲಿಬ್‌ಸೋಡಿಯಂಗೆ ಜಾವಾಸ್ಕ್ರಿಪ್ಟ್ ರೂಪವೂ ಇದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಸಾರ್ವಜನಿಕ ಕೀ ಫೋನಿನಲ್ಲಿದ್ದರೆ ಪರೀಕ್ಷೆಗೆ ನೆಟ್ ಬೇಕಿಲ್ಲ. ಪರೀಕ್ಷೆ ಪಾಸಾದ ಪಠ್ಯವನ್ನು ಮಾತ್ರ ಪುಟ ತೋರಿಸುತ್ತದೆ. ಅದರ ಹಿಂದೆ ಮುಂದೆ ಅಂಟಿಕೊಂಡು ಬಂದದ್ದನ್ನೆಲ್ಲ ಬಿಟ್ಟುಬಿಡುತ್ತದೆ.

ಸಾರ್ವಜನಿಕ ಕೀಯನ್ನು ವಾಟ್ಸಾಪಿನಲ್ಲಿ ಕಳಿಸಲಿಲ್ಲ. ಮೆಸೇಜ್ ತಿದ್ದುವವರು ಕೀಯನ್ನೂ ಬದಲಾಯಿಸಬಲ್ಲರು. ಅದರ ಕ್ಯೂಆರ್ ಕೋಡ್ ಮುದ್ರಿಸಿ ತೂಕದ ಯಂತ್ರದ ಪಕ್ಕದ ಗೋಡೆಗೆ ಅಂಟಿಸಿದೆ. ಅಲ್ಲಿಗೆ ಎಲ್ಲರೂ ಬಂದೇ ಬರುತ್ತಾರೆ, ಮುಖ ನೋಡಿ ಕೇಳುತ್ತಾರೆ. ಗುಟ್ಟಿನ ಬೀಜ ಮಾತ್ರ ನೆಟ್ ಇಲ್ಲದ ಒಂದು ಹಳೇ ಲ್ಯಾಪ್‌ಟಾಪಿನಲ್ಲಿದೆ. ಹೆಕ್ಸ್‌ನಲ್ಲಿ (0ಯಿಂದ 9, aಯಿಂದ f ಬಳಸಿ ಬೈಟ್ ಬರೆಯುವ ರೀತಿ) ಅದು 64 ಅಕ್ಷರ. ಅದನ್ನು ಕಾಗದದ ಮೇಲೂ ಬರೆದು, ಲ್ಯಾಮಿನೇಟ್ ಮಾಡಿಸದೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಅಕ್ಕಿ ಡಬ್ಬಿಯಂಥ ಬಿಗಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಇಲ್ಲಿನ ತೇವಕ್ಕೆ ಕಾಗದ ಬೂಷ್ಟು ಹಿಡಿಯಲು ಎಷ್ಟು ಹೊತ್ತು? ಲ್ಯಾಮಿನೇಷನ್ ಅಂಗಡಿಗೆ ಒಯ್ದರೆ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ.

ಇದು ಕೋರ್ಟಿಗೆ ಒಯ್ಯುವ ಸಹಿ ಅಲ್ಲ. ಅದಕ್ಕೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಂತೆ ಪರವಾನಗಿ ಇರುವ ಸಂಸ್ಥೆಯಿಂದ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ರೇಟೇ ಸರಿ ಅಂತಲೂ ಸಹಿ ಹೇಳುವುದಿಲ್ಲ. ನಾನು ಕಳಿಸಿದ್ದು ಇದೇ, ಮಧ್ಯೆ ಯಾರೂ ಕೈ ಹಾಕಿಲ್ಲ ಅಂತ ಹೇಳುತ್ತದೆ. ನಮಗೆ ಬೇಕಿದ್ದದ್ದೂ ಅದೇ.

ಈಗ ತೂಕದ ಚೀಟಿಗೆ ಸಹಿ ಹಾಕುವ ಕೆಲಸ ಹಿಡಿದಿದ್ದೇನೆ. ಅಲ್ಲಿ ಎರಡು ಸಹಿ ಬೇಕು, ತೂಗಿದವರದ್ದೊಂದು, ಮಾಲು ತಂದವರದ್ದೊಂದು. ಬೆಳೆಗಾರರ ಕೀ ಅವರವರ ಫೋನಿನಲ್ಲೇ ಹುಟ್ಟಬೇಕು, ನನ್ನ ಕೈಗೆ ಬರಲೇಬಾರದು. ಫೋನ್ ಬದಲಾಯಿಸಿದಾಗ ಅವರು ಹೊಸ ಕೀಯನ್ನು ಅದೇ ತೂಕದ ಕಟ್ಟೆಗೆ ಬಂದು ಬರೆಸಬೇಕಾಗುತ್ತದೆ. ಆ ಭಾಗದ ಕೋಡ್ ಬರೆಯುತ್ತಿದ್ದೇನೆ.